ಗುರುವಿನ ಋಣಕ್ಕೂ ಲೆಕ್ಕ ಬೇಕು

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ 2016ರ ಅಕ್ಟೋಬರಿನಿಂದ 2017ರ ಮಾರ್ಚ್‌ವರೆಗೆ ನಡೆದ ಒಂದು ಪ್ರದರ್ಶನದ ಶೀರ್ಷಿಕೆಯಲ್ಲೇ ಮೂವರ ಹೆಸರಿತ್ತು: ಸ್ಟ್ಯಾನ್ಲಿ ವಿಲಿಯಂ ಹೇಟರ್, ಕೃಷ್ಣ ರೆಡ್ಡಿ, ಝರೀನಾ ಹಶ್ಮಿ. ಹೇಟರ್ ಲಂಡನ್ನಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಬೇರೂರಿದವರು. ಕೃಷ್ಣ ರೆಡ್ಡಿ ನಮ್ಮ ಕೋಲಾರಕ್ಕೆ ಅಂಟಿಕೊಂಡಿರುವ ಚಿತ್ತೂರು ಸೀಮೆಯ ನಂದನೂರಿನವರು. ಝರೀನಾ ಅಲಿಗಢದವರು, ಗಣಿತದ ಪದವೀಧರೆ. ಈ ಮೂವರನ್ನು ಕೂಡಿಸಿದ್ದು ಪ್ಯಾರಿಸ್ಸಿನ ‘ಅಟೆಲಿಯೆ 17’ ಎಂಬ ಎಚ್ಚಿಂಗ್ (ಲೋಹದ ತಗಡನ್ನು ಆಸಿಡ್ಡಿನಿಂದ ಕೊರೆದು ಅಚ್ಚು ತೆಗೆಯುವ ಕಲೆ) ಕಾರ್ಯಾಗಾರ. ಅದನ್ನು ಕಟ್ಟಿದವರು ಹೇಟರ್. ಅಲ್ಲಿಗೆ ಕಲಿಯಲು ಹೋದವರು ಉಳಿದಿಬ್ಬರು. ಕಲಿಸಿದವರನ್ನೂ ಕಲಿತವರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ಆ ಶೀರ್ಷಿಕೆಯನ್ನು ನಾನು ಇಲ್ಲಿ ನೆನೆಯುವುದಕ್ಕೆ ಕಾರಣವಿದೆ. ವಿದೇಶದ ಗುರುವಿಗೆ ಕಲಾವಿದ್ಯಾರ್ಥಿ ಸಲ್ಲಿಸಬೇಕಾದ ಕೃತಜ್ಞತೆ ಹೇಗಿರಬೇಕು ಎಂದು ಕೇಳಿದರೆ ನನ್ನ ಉತ್ತರ ಇಷ್ಟು: ಯಾರಿಂದ ಏನನ್ನು ಪಡೆದೆ, ಯಾವುದನ್ನು ಅವರಿಂದ ಪಡೆಯಲಿಲ್ಲ, ತಿರುಗಿ ಏನು ಕೊಟ್ಟೆ ಎಂಬುದನ್ನು ಬಿಡಿಸಿ ಹೇಳಿದಾಗ ಮಾತ್ರ ಅದು ಕೃತಜ್ಞತೆ. ಬಿಡಿಸಿ ಹೇಳದ ಹೊಗಳಿಕೆ ಶಿಷ್ಯನ ದುಡಿಮೆಯನ್ನೂ ಮರೆಸುತ್ತದೆ, ಗುರುವಿನ ನಿಜವಾದ ಕೊಡುಗೆಯನ್ನೂ ಮರೆಸುತ್ತದೆ.

ಗುರುವಿಗೆ ಶರಣಾಗುವುದೇ ವಿದ್ಯೆಯ ಮೊದಲ ಮೆಟ್ಟಿಲು ಎಂದು ತಲೆತಲಾಂತರದಿಂದ ನಂಬಿಕೊಂಡು ಬಂದವರು ನಾವು. ಸಂಗೀತದಲ್ಲಿ ಆ ನಂಬಿಕೆಗೆ ಗಟ್ಟಿಯಾದ ಆಧಾರವಿದೆ. ಮಲ್ಲಿಕಾರ್ಜುನ ಮನ್ಸೂರರು ಮಂಜಿ ಖಾನ್ ಮತ್ತು ಬುರ್ಜಿ ಖಾನ್ ಅವರಿಂದ ಪಡೆದದ್ದು ಒಂದು ಘರಾಣೆಯ ಗಾಯನಕ್ರಮ. ಅದನ್ನು ಕೆಡದಂತೆ ಕಾಪಾಡಿಕೊಂಡು ಹಾಡುವುದೇ ಅಲ್ಲಿ ಋಣ ತೀರಿಸುವ ಒಂದು ದಾರಿ. ಆಧುನಿಕ ಚಿತ್ರಕಲೆಯಲ್ಲಿ ಈ ದಾರಿ ಮುಚ್ಚಿದೆ. ಗುರು ಬರೆದಂತೆಯೇ ಬರೆಯುವ ಶಿಷ್ಯನನ್ನು ಯಾವ ಒಳ್ಳೆಯ ಗುರುವೂ ಬಯಸುವುದಿಲ್ಲ. ನಿಷ್ಠೆಯನ್ನು ಕೃತಿಯಲ್ಲಿ ತೋರಿಸಲಾಗದ ವಿದ್ಯಾರ್ಥಿಗೆ ಮಾತಿನಲ್ಲಿ ತೋರಿಸುವುದೊಂದೇ ಉಳಿಯುತ್ತದೆ. ಪ್ರದರ್ಶನದ ಕ್ಯಾಟಲಾಗ್‌ಗಳಲ್ಲಿ ಸಂದರ್ಶನಗಳಲ್ಲಿ ‘ಅವರಿಲ್ಲದಿದ್ದರೆ ನಾನಿಲ್ಲ’ ಎಂಬ ಮಾತು ಮತ್ತೆ ಮತ್ತೆ ಬರುವುದು ಇದರಿಂದಲೇ. ಆ ಮಾತಿನ ಹಿಂದಿನ ಪ್ರೀತಿ ಸುಳ್ಳಲ್ಲ. ಆದರೆ ಅದನ್ನು ಓದಿದವರಿಗೆ ಆ ಗುರು ಏನು ಕಲಿಸಿದರು ಎಂಬುದು ತಿಳಿಯುವುದಿಲ್ಲ. ಮುಂದೆ ಬರುವ ವಿದ್ಯಾರ್ಥಿಗೆ ಅದರಿಂದ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಗುರು ಲಂಡನ್ನಿನಲ್ಲೋ ಪ್ಯಾರಿಸ್ಸಿನಲ್ಲೋ ಇದ್ದರಂತೂ ಮಾತು ಇನ್ನಷ್ಟು ಉಬ್ಬುತ್ತದೆ, ವಿವರ ಇನ್ನಷ್ಟು ಸೊರಗುತ್ತದೆ.

ಹಾಗಾದರೆ ಹೇಟರ್ ಕೊಟ್ಟದ್ದೇನು? ಅವರು 1901ರಲ್ಲಿ ಹುಟ್ಟಿದರು. ಕಿಂಗ್ಸ್ ಕಾಲೇಜಿನಲ್ಲಿ ರಸಾಯನಶಾಸ್ತ್ರ, ಭೂವಿಜ್ಞಾನ ಓದಿದರು. ಇರಾನಿನ ಅಬಾದಾನಿನಲ್ಲಿ ಆಂಗ್ಲೊ-ಪರ್ಷಿಯನ್ ತೈಲ ಕಂಪನಿಯಲ್ಲಿ ಕೆಲವು ವರ್ಷ ದುಡಿದು, 1926ರಲ್ಲಿ ಪ್ಯಾರಿಸ್ಸಿಗೆ ಬಂದರು. ಅಲ್ಲಿ ಪೋಲೆಂಡಿನಿಂದ ಬಂದು ನೆಲೆಸಿದ್ದ ಜೋಸೆಫ್ ಹೆಕ್ಟ್ ಎಂಬವರು ಹೇಟರ್ ಅವರಿಗೆ ಬ್ಯೂರಿನ್ ಹಿಡಿಯುವುದನ್ನು ಕಲಿಸಿದರು. ಬ್ಯೂರಿನ್ ಎಂದರೆ ತಾಮ್ರದ ತಗಡನ್ನು ಕೊರೆಯುವ ಚೂಪಾದ ಉಕ್ಕಿನ ಉಳಿ. ಅದನ್ನು ಅಂಗೈಯಿಂದ ಮುಂದಕ್ಕೆ ದೂಡಬೇಕು. ಗೆರೆ ಬಾಗಬೇಕಾದಲ್ಲಿ ಇನ್ನೊಂದು ಕೈಯಿಂದ ತಗಡನ್ನೇ ತಿರುಗಿಸಬೇಕು. ಯುರೋಪಿನಲ್ಲಿ ಅಷ್ಟುಹೊತ್ತಿಗೆ ಈ ವಿದ್ಯೆ ಬಹುಮಟ್ಟಿಗೆ ಬೇರೆಯವರ ಚಿತ್ರಗಳನ್ನು ನಕಲು ಮಾಡಿ ಅಚ್ಚಿಗೆ ಕೊಡುವವರ ಕಸುಬಾಗಿ ಉಳಿದಿತ್ತು. ಹೇಟರ್ ಅದನ್ನು ಯೋಚಿಸುವ ಸಾಧನವಾಗಿ ಮಾಡಿಕೊಂಡರು. ಚಿತ್ರವನ್ನು ಮೊದಲೇ ಕಾಗದದಲ್ಲಿ ಬರೆದುಕೊಂಡು ಆಮೇಲೆ ತಗಡಿಗೆ ಇಳಿಸುವ ಬದಲು, ತಗಡಿನ ಮೇಲೆಯೇ ಚಿತ್ರವನ್ನು ಹುಡುಕಬೇಕು ಎಂಬುದು ಅವರ ಪಟ್ಟು. 1927ರಲ್ಲಿ ಶುರುವಾದ ಅವರ ಕಾರ್ಯಾಗಾರ 1933ರಲ್ಲಿ ಕಾಂಪಾನ್ಯ್ ಪ್ರೆಮಿಯೇರ್ ಬೀದಿಯ 17ನೇ ನಂಬರಿನ ಮನೆಗೆ ಹೋಯಿತು. ಹೆಸರು ಬಂದದ್ದು ಆ ಮನೆ ನಂಬರಿನಿಂದ. ಪಿಕಾಸೊ, ಮಿರೊ, ಜಾಕೊಮೆಟ್ಟಿ ಅಲ್ಲಿ ಕೆಲಸ ಮಾಡಿದರು. ಯುದ್ಧ ಬಂದಾಗ, 1940ರಲ್ಲಿ, ಹೇಟರ್ ನ್ಯೂಯಾರ್ಕಿಗೆ ಹೋಗಿ ಅಲ್ಲೂ ಕಾರ್ಯಾಗಾರ ತೆರೆದರು. ಜಾಕ್ಸನ್ ಪೊಲಾಕ್ ಅಲ್ಲಿಗೆ ಬಂದವರಲ್ಲಿ ಒಬ್ಬರು. 1950ರಲ್ಲಿ ಅವರು ಪ್ಯಾರಿಸ್ಸಿಗೆ ಮರಳಿದರು. ಹೊಸದಾಗಿ ಬಂದವರು ಯಾರೇ ಆಗಲಿ, ಎಷ್ಟೇ ಹೆಸರು ಮಾಡಿದವರಾಗಲಿ, ಮೊದಲು ಒಂದು ಪ್ರಯೋಗದ ತಗಡು ಮಾಡಬೇಕಿತ್ತು. ಅದರಲ್ಲಿ ಚಿತ್ರ ಚೆನ್ನಾಗಿ ಬರಬೇಕೆಂಬ ಹಂಗಿರಲಿಲ್ಲ. ಆಸಿಡ್ಡು ಏನು ಮಾಡುತ್ತದೆ, ಉಳಿ ಏನು ಮಾಡುತ್ತದೆ ಎಂದು ಕಂಡುಕೊಂಡರೆ ಸಾಕಿತ್ತು. ಎಲ್ಲರೂ ಅವರನ್ನು ‘ಬಿಲ್’ ಎಂದೇ ಕರೆಯುತ್ತಿದ್ದರು. ಪೀಠ ಇಲ್ಲದ ಈ ಗುರುತನವೇ ಅವರ ದೊಡ್ಡ ಕೊಡುಗೆ ಎಂಬುದು ನನ್ನ ಎಣಿಕೆ.

ಇನ್ನು ಕೃಷ್ಣ ರೆಡ್ಡಿ. ಅವರು ಪ್ಯಾರಿಸ್ಸಿಗೆ ಬರಿಗೈಯಲ್ಲಿ ಹೋದವರಲ್ಲ. 1925ರಲ್ಲಿ ಹುಟ್ಟಿದ ಅವರು ಶಾಂತಿನಿಕೇತನದ ಕಲಾಭವನದಲ್ಲಿ ನಂದಲಾಲ್ ಬೋಸ್ ಅವರ ಕೈಕೆಳಗೆ ಕಲಿತಿದ್ದರು. ಗಿಡ, ಎಲೆ, ಹುಳು, ನೀರು ಇವುಗಳನ್ನು ನೋಡುತ್ತ ಕೂರುವುದೇ ಅಲ್ಲಿನ ಮೊದಲ ಪಾಠ. ಆಮೇಲೆ ಮದ್ರಾಸಿನ ಕಲಾಕ್ಷೇತ್ರದಲ್ಲಿ ಪಾಠ ಹೇಳಿದರು. ಲಂಡನ್ನಿನ ಸ್ಲೇಡ್ ಶಾಲೆಯಲ್ಲಿ ಹೆನ್ರಿ ಮೂರ್, ಪ್ಯಾರಿಸ್ಸಿನಲ್ಲಿ ಒಸಿಪ್ ಜಾಡ್ಕಿನ್, ಮುಂದೆ ಮಿಲಾನಿನಲ್ಲಿ ಮರೀನೊ ಮರೀನಿ ರೆಡ್ಡಿಯವರಿಗೆ ಶಿಲ್ಪ ಕಲಿಸಿದರು. ಅಂದರೆ ಹೇಟರ್ ಬಳಿಗೆ ಬಂದಾಗ ರೆಡ್ಡಿಯವರ ಕಣ್ಣು ಶಾಂತಿನಿಕೇತನದ್ದು, ಕೈ ಶಿಲ್ಪಿಯದು. ತಗಡನ್ನು ಅವರು ಕಾಗದದಂತೆ ನೋಡಲಿಲ್ಲ, ಉಬ್ಬುಶಿಲ್ಪದಂತೆ ನೋಡಿದರು. ಸತುವಿನ ತಗಡನ್ನು ಹೆರೆದು, ಕೊರೆದು, ಉಜ್ಜಿ, ಬೆಟ್ಟ ಕಣಿವೆಗಳಿರುವ ಒಂದು ನೆಲವನ್ನಾಗಿ ಮಾಡಿದರು. ‘ಮೀನು’, ‘ಕೀಟ’ ಎಂಬ 1952ರ ಕೃತಿಗಳಿಂದ ಹಿಡಿದು 1963ರ ‘ಸುಳಿ’ಯವರೆಗೆ ನೋಡುತ್ತ ಹೋದರೆ ನೀರು, ಬೆಳಕು, ಜೀವಿಗಳ ಚಲನೆ ಈ ನೆಲದ ಏರಿಳಿತದಿಂದಲೇ ಹುಟ್ಟುವುದು ಕಾಣುತ್ತದೆ.

ಈ ಏರಿಳಿತ ಬಣ್ಣದ ಒಂದು ಹಳೆಯ ತೊಡಕನ್ನು ಬಿಡಿಸಿತು. ಎಚ್ಚಿಂಗಿನಲ್ಲಿ ಹಲವು ಬಣ್ಣ ಬೇಕೆಂದರೆ ಸಾಮಾನ್ಯವಾಗಿ ಒಂದೊಂದು ಬಣ್ಣಕ್ಕೆ ಒಂದೊಂದು ತಗಡು ಮಾಡಿ, ಒಂದೇ ಕಾಗದವನ್ನು ಮತ್ತೆ ಮತ್ತೆ ಪ್ರೆಸ್ಸಿಗೆ ಕೊಡಬೇಕು; ಕೂದಲೆಳೆಯಷ್ಟು ಸರಿದರೂ ಕೆಲಸ ಹಾಳು. ಅಟೆಲಿಯೆಯಲ್ಲಿ ಕಂಡುಕೊಂಡ ದಾರಿಯಲ್ಲಿ ತಗಡು ಒಂದೇ, ಪ್ರೆಸ್ಸಿಗೆ ಹೋಗುವುದೂ ಒಂದೇ ಸಲ. ಮೊದಲು ಕೊರೆದ ಗೆರೆಗಳಲ್ಲಿ ಶಾಯಿ ತುಂಬಿ ಮೇಲ್ಮೈ ಒರೆಸುತ್ತಾರೆ. ಆಮೇಲೆ ಅಗಸೆ ಎಣ್ಣೆ ಹೆಚ್ಚು ಬೆರೆಸಿದ ತೆಳುಶಾಯಿಯನ್ನು ಗಟ್ಟಿ ರೋಲರಿನಿಂದ ಉರುಳಿಸುತ್ತಾರೆ. ಅದು ಎತ್ತರದ ಭಾಗಗಳಿಗೆ ಮಾತ್ರ ತಾಗುತ್ತದೆ. ಬಳಿಕ ಎಣ್ಣೆ ಕಡಿಮೆಯಿರುವ ಬಿಗುಶಾಯಿಯನ್ನು ಮೆತ್ತಗಿನ ರೋಲರಿನಿಂದ ಒತ್ತಿ ಉರುಳಿಸುತ್ತಾರೆ. ಅದು ತಗ್ಗಿಗೂ ಇಳಿಯುತ್ತದೆ, ಆದರೆ ಎಣ್ಣೆ ಕುಡಿದ ಎತ್ತರದ ಜಾಗ ಅದನ್ನು ಹತ್ತಿಸಿಕೊಳ್ಳುವುದಿಲ್ಲ. ಒಂದು ಬಣ್ಣ ಇನ್ನೊಂದರ ಪಕ್ಕದಲ್ಲಿ ಕದಡದೆ ನಿಲ್ಲುತ್ತದೆ. ಶಾಯಿಯ ಸ್ನಿಗ್ಧತೆಯನ್ನು ನಂಬಿ ನಡೆಯುವ ಈ ಕ್ರಮಕ್ಕೆ ವಿಸ್ಕಾಸಿಟಿ ಪ್ರಿಂಟಿಂಗ್ ಎಂದು ಹೆಸರು. ಇದಕ್ಕೆ ಎಣ್ಣೆಯ ಗುಣ ಬಲ್ಲ ರಸಾಯನಶಾಸ್ತ್ರಜ್ಞನೂ ಬೇಕು, ತಗಡಿನಲ್ಲಿ ಎತ್ತರ ತಗ್ಗುಗಳನ್ನು ಕಡೆಯಬಲ್ಲ ಶಿಲ್ಪಿಯೂ ಬೇಕು. ಇವೆರಡರಲ್ಲಿ ಒಂದನ್ನು ತೆಗೆದರೆ ಇನ್ನೊಂದು ನಡೆಯುವುದಿಲ್ಲ.

ಕೃತಜ್ಞತೆಯ ಕಷ್ಟ ಶುರುವಾಗುವುದು ಇಲ್ಲಿಂದ. ಈ ವಿಧಾನವನ್ನು ಬಹಳ ಕಾಲ ಹೇಟರ್ ಅವರ ಹೆಸರಿನಿಂದಲೇ ಗುರುತಿಸುವ ವಾಡಿಕೆ ಇತ್ತು. ಈಗ ಹೇಟರ್ ಜೊತೆಗೆ ಕೃಷ್ಣ ರೆಡ್ಡಿ ಮತ್ತು ಮುಂಬೈಯಿಂದ ಹೋದ ಕೈಕೊ ಮೋತಿ ಅವರ ಹೆಸರನ್ನೂ ಹೇಳುತ್ತಾರೆ. ಶಿಷ್ಯರ ಪಾಲನ್ನು ಗುರು ನುಂಗಿದರು ಎಂದು ಒಬ್ಬರು ಹೇಳಬಹುದು. ಗುರುವಿನ ಮನೆಯಲ್ಲಿ ಹುಟ್ಟಿದ್ದು ಗುರುವಿನದೇ ಎಂದು ಇನ್ನೊಬ್ಬರು ಹೇಳಬಹುದು. ಎರಡೂ ಅವಸರದ ಮಾತು. ರೆಡ್ಡಿ ಅಲ್ಲಿಗೆ ಕಾಲಿಡುವ ಎಷ್ಟೋ ಮೊದಲು, 1946ರಲ್ಲಿ, ಹೇಟರ್ ‘ಸ್ಯಾಂಕ್ ಪೆರ್ಸೊನಾಜ್’ ಎಂಬ ಕೃತಿಯಲ್ಲಿ ಒಂದೇ ತಗಡಿನ ಮೇಲೆ ಹಲವು ಬಣ್ಣ ಹಾಕಿ ಒಂದೇ ಸಲಕ್ಕೆ ಅಚ್ಚು ತೆಗೆದಿದ್ದರು. ಹುಡುಕಾಟ ಅವರದು ಎನ್ನುವುದಕ್ಕೆ ಇದು ಸಾಕ್ಷಿ. ಆದರೆ ಅಲ್ಲಿ ಅವರು ಬಣ್ಣ ಹಾಕಿದ್ದು ರೇಷ್ಮೆ ಪರದೆಯ ಮೂಲಕ. ಶಾಯಿಯ ಗುಣ ಮತ್ತು ತಗಡಿನ ಆಳಗಳನ್ನು ಒಂದಕ್ಕೊಂದು ಹೆಣೆದ ಬೆಳವಣಿಗೆ 1950ರ ದಶಕದ್ದು, ರೆಡ್ಡಿ ಮತ್ತು ಮೋತಿ ಆ ಮೇಜಿನ ಸುತ್ತ ಇದ್ದಾಗಿನದು. ಇದನ್ನು ಇದ್ದಹಾಗೆ ಹೇಳಿದರೆ ಹೇಟರ್ ಚಿಕ್ಕವರಾಗುವುದಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಅವರು ಬಚ್ಚಿಡದೆ ಎಲ್ಲರ ಮುಂದೆ ಇಟ್ಟಿದ್ದರಿಂದ ತಾನೇ ಉತ್ತರ ಬೇರೆಯವರ ಕೈಯಿಂದಲೂ ಬಂದದ್ದು? ಮುಂದೆ ರೆಡ್ಡಿಯವರನ್ನು ಅಟೆಲಿಯೆಯ ಸಹ ನಿರ್ದೇಶಕರನ್ನಾಗಿಯೂ ಮಾಡಲಾಯಿತು. ಹೇಟರ್ ತೀರಿಕೊಂಡ 1988ರಲ್ಲಿಯೇ ರೆಡ್ಡಿಯವರು ಬಣ್ಣದ ಇಂಟಾಗ್ಲಿಯೊ (ತಗಡಿನ ತಗ್ಗುಗಳಲ್ಲಿ ಶಾಯಿ ತುಂಬಿ ಅಚ್ಚು ತೆಗೆಯುವ) ಮುದ್ರಣದ ಬಗ್ಗೆ ತಮ್ಮದೇ ಹೆಸರಿನಲ್ಲಿ ಪುಸ್ತಕ ತಂದರು. ತನ್ನ ಪಾಲನ್ನು ತನ್ನದೆಂದು ಬರೆದು, ಅದನ್ನು ಓದಿದ ಯಾರೇ ಆದರೂ ಮಾಡಿ ನೋಡುವಂತೆ ಇಡುವುದು ಗುರುದ್ರೋಹವಲ್ಲ. ಹೇಟರ್ ಕೂಡ 1949ರಲ್ಲಿ ತಮ್ಮ ವಿಧಾನಗಳನ್ನು ಪುಸ್ತಕ ಮಾಡಿ ಎಲ್ಲರಿಗೂ ಕೊಟ್ಟವರೇ.

ವಿದೇಶದ ಗುರುವಿನ ಋಣವನ್ನು ಒಪ್ಪುವ ಈ ಮಾತಿಗೆ ಬರುವ ಆಕ್ಷೇಪಗಳಲ್ಲಿ ಬಲವಾದದ್ದು ಸ್ವಾಭಿಮಾನದ್ದು. ಬ್ರಿಟಿಷರು ಹೋದ ಬೆನ್ನಿಗೇ ನಮ್ಮ ಕಲಾವಿದರು ಲಂಡನ್, ಪ್ಯಾರಿಸ್‌ಗಳಿಗೆ ಹೋಗಿ ಇಂಗ್ಲಿಷ್ ಗುರುವಿನ ಮುಂದೆ ಕೈಕಟ್ಟಿ ನಿಂತದ್ದನ್ನು ಕೃತಜ್ಞತೆ ಎಂದು ಕೊಂಡಾಡಬೇಕೆ, ಗುಲಾಮಗಿರಿಯ ಮುಂದುವರಿಕೆ ಎಂದು ಕರೆಯಬೇಕೆ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ನಮ್ಮ ಕಲಾವಿದರ ಪರಿಚಯಪತ್ರಗಳಲ್ಲಿ ಪ್ಯಾರಿಸ್ಸಿನ ಒಂದು ವರ್ಷ ದಪ್ಪಕ್ಷರದಲ್ಲಿಯೂ ಇಲ್ಲಿನ ಹತ್ತು ವರ್ಷದ ಕಲಿಕೆ ಸಣ್ಣಕ್ಷರದಲ್ಲಿಯೂ ಬರುವುದು ನಿಜ. ಆದರೆ ಆ ಕಾಲದಲ್ಲಿ ಹೋದವರು ಯಾರು ಎಂದು ನೋಡೋಣ. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು 1949-50ರಲ್ಲಿ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯಾನಿಗೆ ಹೋದಾಗ ಅವರಿಗೆ ಮೂವತ್ತೆಂಟರ ಆಸುಪಾಸು, ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಪಾಠವನ್ನೂ ಹೇಳಿದ್ದರು. ರಾಮ್ ಕುಮಾರ್ ಆಂದ್ರೆ ಲೋತ್, ಫರ್ನಾಂ ಲೆಜೆ ಅವರ ಬಳಿ ಕಲಿತರು. ಅಕ್ಬರ್ ಪದಮ್ಸಿ 1951ರಲ್ಲಿ ಪ್ಯಾರಿಸ್ ಸೇರಿದಾಗ ಅವರನ್ನು ಹೇಟರ್ ಬಳಿ ಕರೆದೊಯ್ದವರು ಕೃಷ್ಣ ರೆಡ್ಡಿ. ಇವರೆಲ್ಲ ಏನೂ ಅರಿಯದೆ ಹೋದವರಲ್ಲ, ತಮಗೆ ಬೇಕಾದದ್ದನ್ನು ಆರಿಸಿಕೊಳ್ಳಲು ಹೋದವರು. ಹೆಪ್ಪು ಕೊಟ್ಟ ಪಕ್ಕದ ಮನೆಯನ್ನು ನೆನೆಯುತ್ತೇವೆ. ಹಾಗೆಂದು ನಮ್ಮ ಮನೆಯ ಹಾಲಿನ ಮೊಸರನ್ನು ಅವರದೆಂದು ಹೇಳುವುದಿಲ್ಲ. ಶಾಂತಿನಿಕೇತನವನ್ನೂ ಪ್ಯಾರಿಸ್ಸನ್ನೂ ಒಟ್ಟಿಗೆ ಬರೆದುಕೊಂಡರೆ ಸ್ವಾಭಿಮಾನಕ್ಕೆ ಧಕ್ಕೆಯಿಲ್ಲ. ಧಕ್ಕೆ ಬರುವುದು ನಂದಲಾಲರ ಹೆಸರನ್ನು ಬಿಟ್ಟು ಹೇಟರ್ ಹೆಸರನ್ನಷ್ಟೇ ಹೇಳಿದಾಗ.

ಪ್ರಭಾವಶಾಲಿ ಗುರು ಶಿಷ್ಯನ ದನಿಯನ್ನು ಅಡಗಿಸುತ್ತಾನೆ ಎಂಬ ಭಯಕ್ಕೆ ಝರೀನಾ ಅವರ ಬದುಕಿಗಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. 1937ರಲ್ಲಿ ಹುಟ್ಟಿದ ಅವರು 1960ರ ದಶಕದಲ್ಲಿ ಹೇಟರ್ ಬಳಿ ಕಲಿತರು, ಅದೇ ಬಣ್ಣದ ವಿಧಾನದ ನಡುವೆಯೇ ಕೆಲಸ ಮಾಡಿದರು. ಆಮೇಲೆ ಟೋಕಿಯೊಗೆ ಹೋಗಿ ತೋಶಿ ಯೋಶಿದಾ ಅವರಿಂದ ಮರದಚ್ಚಿನ ಕೆಲಸ ಕಲಿತರು. ಕೊನೆಗೆ ನ್ಯೂಯಾರ್ಕಿನಲ್ಲಿ ಅವರು ಮಾಡಿದ್ದು ಹೇಟರ್ ಕೃತಿಗಳ ಪಕ್ಕ ಇಟ್ಟರೆ ಬೇರೊಂದು ಲೋಕದ್ದೆನಿಸುವಂಥ ಕೆಲಸ. ಹೇಟರ್ ಗೆರೆಗಳು ಸುಳಿಸುತ್ತಿ ಓಡುತ್ತವೆ, ಬಣ್ಣಗಳು ಒಂದರ ಮೇಲೊಂದು ಹೊಮ್ಮುತ್ತವೆ. ಝರೀನಾ ಅವರ 1999ರ ‘ಹೋಮ್ ಈಸ್ ಎ ಫಾರಿನ್ ಪ್ಲೇಸ್’ ಎಂಬ ಮಾಲೆಯಲ್ಲಿ 36 ಮರದಚ್ಚುಗಳಿವೆ. ಕಪ್ಪು, ಕಾಗದದ ಬಿಳುಪು, ಕೆಲವೇ ನೇರ ಗೆರೆಗಳು, ಪ್ರತಿಯೊಂದರ ಕೆಳಗೆ ಒಂದು ಉರ್ದು ಪದ. ದೇಶ ವಿಭಜನೆಯಿಂದ ಚದುರಿದ ಮನೆಯೊಂದರ ಅಂಗಳ, ಹೊಸ್ತಿಲು, ದಾರಿ, ಗಡಿ ಅಲ್ಲಿವೆ. ಇಲ್ಲಿ ಗುರುವಿನ ಶೈಲಿ ಎಳ್ಳಷ್ಟೂ ಇಲ್ಲ. ಹಾಗಾದರೆ ಗುರುವಿನಿಂದ ಬಂದದ್ದೇನು? ಅಚ್ಚು ಎನ್ನುವುದು ಚಿತ್ರದ ನಕಲಲ್ಲ, ಯೋಚನೆ ನಡೆಯುವ ಜಾಗ ಎಂಬ ತಿಳಿವು ಬಂದಿದೆ. ಗೆರೆಯನ್ನು ಕೊರೆಯುವಾಗ ಇರುವ ನಿಷ್ಠುರತೆ ಬಂದಿದೆ. ಶೈಲಿಯನ್ನು ಬಿಟ್ಟು ಕ್ರಮವನ್ನು ಮಾತ್ರ ಒಯ್ದದ್ದಕ್ಕೆ ಆ ಗುರು ಮುನಿಸಿಕೊಳ್ಳಲು ಕಾರಣವೇ ಇರಲಿಲ್ಲ, ಏಕೆಂದರೆ ಹೆಕ್ಟ್ ವಿಷಯದಲ್ಲಿ ಹೇಟರ್ ಮಾಡಿದ್ದೂ ಅದನ್ನೇ. ಹೆಕ್ಟ್ ಪ್ರಾಣಿಗಳ ಚಿತ್ರಗಳಿಗೆ ಹೆಸರಾದವರು. ಅವರಿಂದ ಹೇಟರ್ ಉಳಿಯನ್ನು ಪಡೆದರು, ಪ್ರಾಣಿಗಳನ್ನಲ್ಲ.

ವ್ಯಕ್ತಿಗಳಿಗೆ ಇಷ್ಟೆಲ್ಲ ಋಣಿಗಳಾಗುವುದೇ ತಪ್ಪು, ನಿಜವಾಗಿ ಬೆಳೆಸುವುದು ಅವಕಾಶ ಎಂದು ವಾದಿಸುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಪ್ರೆಸ್ಸು, ಆಸಿಡ್ಡಿನ ತೊಟ್ಟಿ, ಒಳ್ಳೆಯ ಕಾಗದ, ಊರಲ್ಲೊಂದು ಮ್ಯೂಸಿಯಂ, ಮನೆ ಬಾಡಿಗೆಗೆ ಸಾಲುವಷ್ಟು ಹಣ ಇವಿಲ್ಲದೆ ಯಾವ ಗುರುವೂ ಏನೂ ಮಾಡಲಾರ. ಕಲಬುರಗಿಯಲ್ಲೋ ಧಾರವಾಡದಲ್ಲೋ ಓದುವ ಹುಡುಗಿಗೆ ಪ್ಯಾರಿಸ್ಸಿನ ಗುರು ಸಿಗುವುದಕ್ಕೆ ಮೊದಲು ಎಷ್ಟು ಬಾಗಿಲು ತೆರೆಯಬೇಕು! ಇವನ್ನೆಲ್ಲ ಋಣದ ಲೆಕ್ಕದಲ್ಲಿ ಬರೆಯಲೇಬೇಕು. ಆದರೆ ಅವಕಾಶವೂ ತಾನಾಗಿ ಉದುರುವುದಿಲ್ಲ, ಯಾರೋ ಒಬ್ಬರು ಬಾಗಿಲು ತೆರೆದಿಡಲು ತೀರ್ಮಾನಿಸಬೇಕಾಗುತ್ತದೆ. ನ್ಯೂಯಾರ್ಕಿನ ಅಟೆಲಿಯೆ ನಡೆದ 1940ರಿಂದ 1955ರವರೆಗಿನ ಕಾಲದಲ್ಲಿ ಅಲ್ಲಿ ಕೆಲಸ ಮಾಡಿದ ಮಹಿಳೆಯರು ಸುಮಾರು ನೂರು ಮಂದಿ. ಲೂಯಿಸ್ ಬೂರ್ಜ್ವಾ ಅವರಲ್ಲಿ ಒಬ್ಬರು. ಕಲಾಲೋಕ ಹೆಣ್ಣುಮಕ್ಕಳನ್ನು ಹೊರಗೇ ನಿಲ್ಲಿಸುತ್ತಿದ್ದ ದಿನಗಳವು. ಅಷ್ಟಾದರೂ ಆ ನೂರು ಜನರ ಕತೆ ಬಹಳ ವರ್ಷ ಹೊರಗೆ ಬರಲೇ ಇಲ್ಲ. ಅಟೆಲಿಯೆಯ ಇತಿಹಾಸವೆಂದರೆ ಪಿಕಾಸೊ, ಪೊಲಾಕ್ ಎಂಬ ಹೆಸರುಗಳ ಪಟ್ಟಿಯಾಗಿತ್ತು. ಗುರುವನ್ನೂ ಅವರ ಖ್ಯಾತ ಶಿಷ್ಯರನ್ನೂ ಹೊಗಳುತ್ತ ಹೋದಾಗ ಹಿಂದೆ ನಿಂತವರು ಹೇಗೆ ಕಾಣದಾಗುತ್ತಾರೆ ಎಂಬುದಕ್ಕೆ ಇದು ನೋವಿನ ಸಾಕ್ಷಿ. ವಿವರವಿಲ್ಲದ ಕೃತಜ್ಞತೆಯ ಮೇಲೆ ನನಗಿರುವ ತಕರಾರು ಇದೇ.

ಗುರುವಿನ ತಪ್ಪನ್ನು ಎತ್ತಿ ಆಡಿದರೆ ಕೃತಘ್ನತೆಯಾಗುವುದಿಲ್ಲವೇ ಎಂಬ ಅಳುಕು ನಮ್ಮ ವಿದ್ಯಾರ್ಥಿಗಳನ್ನು ಬಹಳ ಕಾಡುತ್ತದೆ. ಶಿಫಾರಸು ಪತ್ರ ಬರೆಯುವವರೂ ಪ್ರದರ್ಶನಕ್ಕೆ ಹೆಸರು ಸೂಚಿಸುವವರೂ ಅದೇ ಗುರು ಆಗಿರುವಾಗ ಬಾಯಿ ಕಟ್ಟುವುದು ಸಹಜ. ವಿದೇಶದಲ್ಲಿ ವೀಸಾ ಮತ್ತು ವಿದ್ಯಾರ್ಥಿವೇತನವೂ ಅವರ ಒಂದು ಪತ್ರದ ಮೇಲೆ ನಿಂತಿರಬಹುದು. ಅಂಥ ಸ್ಥಿತಿಯಲ್ಲಿ ಹೊರಡುವ ಹೊಗಳಿಕೆಯಲ್ಲಿ ಎಷ್ಟು ಪಾಲು ಪ್ರೀತಿ, ಎಷ್ಟು ಪಾಲು ಭಯ ಎಂದು ಹೇಳಿದವರಿಗೇ ತಿಳಿಯುವುದಿಲ್ಲ. ಬಿಡಿಸಿ ಹೇಳುವ ರೂಢಿಯಿದ್ದರೆ ಈ ಅಳುಕು ಸ್ವಲ್ಪವಾದರೂ ಇಳಿಯುತ್ತದೆ. ಇಂಥದ್ದನ್ನು ಕಲಿಸಿದರು, ಇಂಥದ್ದರಲ್ಲಿ ನಾನು ಬೇರೆ ದಾರಿ ಹಿಡಿದೆ ಎಂದು ಬರೆದಾಗ ಅಲ್ಲಿ ಅಪಮಾನವೂ ಇಲ್ಲ, ಮುಖಸ್ತುತಿಯೂ ಇಲ್ಲ. ಹಾಗೆ ಬರೆಯಲು ಬಿಡದ ಗುರು ಎಷ್ಟೇ ದೊಡ್ಡ ಕಲಾವಿದರಾಗಿರಲಿ, ಅವರ ಬಳಿ ಕಲಿಯುವ ಮಕ್ಕಳ ಬಗ್ಗೆ ನನಗೆ ಆತಂಕವಾಗುತ್ತದೆ.

ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಸೇರಿದಂತೆ ಗ್ರಾಫಿಕ್ಸ್ (ಅಚ್ಚಿನ ಕಲೆ) ಕಲಿಸುವ ನಮ್ಮ ಸಂಸ್ಥೆಗಳು ಇದನ್ನು ಪಾಠದ ಭಾಗವಾಗಿಯೇ ಮಾಡಬಹುದು. ಪದವಿಯ ಕೊನೆಯ ಪ್ರದರ್ಶನದಲ್ಲಿ ವಿದ್ಯಾರ್ಥಿ ತನ್ನ ಕೃತಿಗಳ ಜೊತೆ ಒಂದು ಪುಟ ಬರೆಯಲಿ: ಈ ತಗಡಿನ ವಿಧಾನ ಯಾರಿಂದ ಬಂತು, ಅವರಿಗೆ ಯಾರಿಂದ ಬಂತು, ನಾನು ಅದರಲ್ಲಿ ಏನನ್ನು ಬದಲಿಸಿದೆ, ಆಸಿಡ್ಡು ಹದ ಮಾಡಿಕೊಟ್ಟವರು ಯಾರು, ಪ್ರೆಸ್ಸಿನ ಚಕ್ರ ತಿರುಗಿಸಿದವರು ಯಾರು. ವಿದೇಶಕ್ಕೆ ಹೋಗಿ ಬಂದವರು ಅಲ್ಲಿನ ಗುರುವಿನ ಹೆಸರಿನ ಜೊತೆಗೆ ಅವರ ಕಾರ್ಯಾಗಾರದ ಕ್ರಮವನ್ನೂ ಕನ್ನಡದಲ್ಲಿ ಬರೆದಿಡಲಿ; ಹೋಗಲಾಗದವರಿಗೆ ಅದು ಕೈಗೆಟಕಲಿ. ಇಲ್ಲಿ ಮೊದಲ ಬಾರಿಗೆ ಕೈ ಹಿಡಿದು ಗೆರೆ ಎಳೆಸಿದ ಡ್ರಾಯಿಂಗ್ ಮೇಷ್ಟರ ಹೆಸರೂ ಆ ಪುಟದಲ್ಲಿ ಅಷ್ಟೇ ದಪ್ಪಕ್ಷರದಲ್ಲಿ ಇರಲಿ. ಹೇಟರ್ ತೀರಿಕೊಂಡ ಮೇಲೆ ಪ್ಯಾರಿಸ್ಸಿನ ಕಾರ್ಯಾಗಾರ ‘ಅಟೆಲಿಯೆ ಕಾಂತ್ರಪ್ವಾಂ’ ಎಂಬ ಬೇರೆ ಹೆಸರಿನಲ್ಲಿ, ಜೊತೆಗೆ ದುಡಿದವರ ಕೈಯಲ್ಲಿ ನಡೆಯಿತು. ಕೃಷ್ಣ ರೆಡ್ಡಿ ನ್ಯೂಯಾರ್ಕಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿ, 2018ರಲ್ಲಿ 93ನೇ ವಯಸ್ಸಿನಲ್ಲಿ ತೀರಿಕೊಂಡರು, ಝರೀನಾ 2020ರಲ್ಲಿ. ಅವರಿಂದ ಕಲಿತವರು ಈಗಲೂ ಹಲವು ದೇಶಗಳಲ್ಲಿ ಒಂದೇ ತಗಡಿನ ಮೇಲೆ ಎರಡು ರೋಲರ್ ಉರುಳಿಸುತ್ತಿದ್ದಾರೆ. ಅವರಲ್ಲಿ ಒಬ್ಬೊಬ್ಬರೂ ಆ ಒಂದು ಪುಟ ಬರೆದರೆ ಹೆಕ್ಟ್‌ನಿಂದ ನಂದನೂರಿನವರೆಗೆ, ಅಲಿಗಢದವರೆಗೆ, ನಾಳೆ ಮೈಸೂರಿನವರೆಗೆ ಹೆಸರುಗಳು ಸರಿಯಾದ ಜಾಗದಲ್ಲಿ ಕೂರುತ್ತವೆ.